ಏಣಿಯ ಎಣಿಕೆ

ಇಷ್ಟೆಲ್ಲ ರಾಮಾಯಣ ಒಂದು ಸೀನಿನಿಂದ ಆಯಿತು ಎಂದರೆ ಹೊರಗಿನವರು ನಂಬುವುದಿಲ್ಲ. ಸೀನಿದವನು ಯಾರೆಂದು ಹೇಳಿದರೆ ಕಾರ್ಖಾನೆಯವರು ಮಾತ್ರ ತಕ್ಷಣ ನಂಬುತ್ತಾರೆ.

ಅದು ತಕ್ಕಡಿ ಮಾಡುವ ಕಾರ್ಖಾನೆ. ಅಂಗಡಿಯ ಮೇಜಿನ ಮೇಲಿಡುವ ಪುಟ್ಟ ತಕ್ಕಡಿಯಿಂದ ಹಿಡಿದು ತುಂಬಿದ ಲಾರಿಯನ್ನೇ ಎತ್ತಿ ತೂಗುವ ದೈತ್ಯ ತಕ್ಕಡಿಯವರೆಗೆ ಅಲ್ಲಿ ತಯಾರಾಗುತ್ತಿತ್ತು. ಕಾರ್ಖಾನೆಯ ಹಿಂಬದಿಗೆ ಸ್ಟೋರು. ಅಲ್ಲಿಗೆ ಬಂದ ಮಾಲೆಷ್ಟು, ಅಲ್ಲಿಂದ ಹೋದ ಮಾಲೆಷ್ಟು ಎಂದು ಬೆಳಗಿನಿಂದ ಸಂಜೆಯವರೆಗೆ ಕಂಪ್ಯೂಟರಿಗೆ ಏರಿಸುವುದು ನಮ್ಮ ಗುಮಾಸ್ತನ ಕೆಲಸ. ಸ್ಕ್ರೂ, ಸ್ಪ್ರಿಂಗು, ತಟ್ಟೆ, ಮುಳ್ಳು, ರಬ್ಬರ್ ಕಾಲು, ಅಂಟಿನ ಡಬ್ಬಿ. ಅವನ ಬೆರಳಡಿಯಿಂದ ಹಾಯದೆ ಒಂದು ವಾಷರೂ ಆ ಸ್ಟೋರಿನೊಳಗೆ ಕಾಲಿಡುವಂತಿರಲಿಲ್ಲ.

ಹೆತ್ತವರು ಅವನಿಗೆ ಒಳ್ಳೆಯ ಹೆಸರನ್ನೇ ಇಟ್ಟಿದ್ದರು. ಆದರೆ ಹಾಜರಿ ಪಟ್ಟಿ ಬಿಟ್ಟರೆ ಅದು ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ರಟ್ಟಿನ ಪೆಟ್ಟಿಗೆ ಬಿಚ್ಚಿದರೆ ಸೀನು, ಫೈಲು ಕೊಡವಿದರೆ ಸೀನು, ಧೂಳು ಎಂಬ ಪದ ಕೇಳಿದರೂ ಸೀನು. ಹೀಗಾಗಿ ಎಲ್ಲರ ಬಾಯಲ್ಲೂ ಅವನು ಸೀನಪ್ಪ. ಸೀನುವುದು ಕೂಡ ಸಾಮಾನ್ಯವಾಗಿ ಅಲ್ಲ. ಮೊದಲು ಕಣ್ಣು ಮುಚ್ಚುವುದು, ಆಮೇಲೆ ತಲೆ ಹಿಂದಕ್ಕೆ ಹೋಗುವುದು, ಆಮೇಲೆ ಇಡೀ ದೇಹ ಕೊಡೆ ಮಡಚಿದ ಹಾಗೆ ಮುಂದಕ್ಕೆ ಮಡಚಿಕೊಳ್ಳುವುದು. ಆ ಹೊತ್ತಿನಲ್ಲಿ ಬೆರಳು ಯಾವ ಗುಂಡಿಯ ಮೇಲಿತ್ತೋ ಆ ಗುಂಡಿಗೆ ಎರಡೇಟು ಖಂಡಿತ.

ಹಿಂದಿನ ತಿಂಗಳು ಮೂರು ಡಬ್ಬಿ ಅಂಟು ಹೀಗೆಯೇ ಮೂವತ್ತಮೂರಾಗಿತ್ತು. ಬೇಕಾದಷ್ಟಿದೆಯಲ್ಲ ಎಂದು ಯಾರೂ ಅಂಟು ತರಿಸಲಿಲ್ಲ. ಒಂದು ವಾರ ಕಾರ್ಖಾನೆಯಿಂದ ಹೊರಟ ತಕ್ಕಡಿಗಳ ಹೆಸರಿನ ಚೀಟಿಗಳೆಲ್ಲ ದಾರಿಯುದ್ದಕ್ಕೂ ಉದುರಿದವು. ಮ್ಯಾನೇಜರು ಸೀನಪ್ಪನನ್ನು ಎದುರಿಗೆ ನಿಲ್ಲಿಸಿಕೊಂಡು, "ನೋಡಯ್ಯ, ಇನ್ನೊಂದೇ ಒಂದು ತಿದ್ದುಪಡಿ ಅರ್ಜಿ ಸಹಿಗೆ ಅಂತ ನನ್ನ ಮೇಜಿಗೆ ಬರಲಿ, ನಿನ್ನನ್ನ ಎರಕದ ಶೆಡ್ಡಿಗೆ ಹಾಕ್ತೀನಿ" ಎಂದಿದ್ದರು.

ಎರಕದ ಶೆಡ್ಡಿನಲ್ಲಿ ಕಬ್ಬಿಣ ಕಾಯಿಸಿ ಮರಳಿನ ಅಚ್ಚಿಗೆ ಹೊಯ್ಯುತ್ತಾರೆ. ಅಲ್ಲಿ ಗಾಳಿಗಿಂತ ಮರಳಿನ ಧೂಳೇ ಹೆಚ್ಚು. ಸೀನಪ್ಪ ಆ ಶೆಡ್ಡಿನ ಬಾಗಿಲ ಮುಂದೆ ಹಾದುಹೋಗಬೇಕಾದರೂ ಉಸಿರು ಬಿಗಿಹಿಡಿದು ಓಡುತ್ತಿದ್ದ.

ಇಂಥ ಸೀನಪ್ಪ ಆ ದಿನ ಬೆಳಿಗ್ಗೆ ಕುರ್ಚಿಯ ಮೇಲೆ ಸರಿಯಾಗಿ ಕೂತಿರಲಿಲ್ಲ, ಅಷ್ಟರಲ್ಲಿ ಸ್ಟೋರ್‌ಕೀಪರು ಬಂದರು. ನಿವೃತ್ತಿಗೆ ಎಂಟು ತಿಂಗಳು ಬಾಕಿಯಿದ್ದ ಸ್ಥೂಲ ಮನುಷ್ಯ. ಯಾರಿಗೆ ಏನೇ ಕಷ್ಟ ಬಂದರೂ ಅವರ ಬಳಿ ಒಂದು ಉಪಾಯ ಇರುತ್ತಿತ್ತು. ಉಪಾಯ ಕೆಲಸ ಮಾಡುತ್ತದೆ ಎಂಬ ಖಾತ್ರಿ ಮಾತ್ರ ಇರುತ್ತಿರಲಿಲ್ಲ.

"ಸೀನಪ್ಪ, ಹೆಡ್ಡಾಫೀಸಿಂದ ಆಡಿಟರು ಬರ್ತಿದಾರಂತೆ. ಮಧ್ಯಾಹ್ನ ಮೂರು ಗಂಟೆಗೆ. ಸ್ಟೋರಿನಲ್ಲಿರೋ ಸಾಮಾನನ್ನೆಲ್ಲ ಪಟ್ಟಿ ಹಿಡಕೊಂಡು ಎಣಿಸ್ತಾರಂತೆ. ಪಟ್ಟಿ ಒಂದ್ಸಲ ತೆಗೆದು ನೋಡು."

ಸೀನಪ್ಪ ಪಟ್ಟಿ ತೆಗೆದ. ಬೆರಳಿಟ್ಟು ಸಾಲುಸಾಲಾಗಿ ಇಳಿಯುತ್ತ ಬಂದ. ಏಳನೆಯ ಹಾಳೆಯಲ್ಲಿ ಬೆರಳು ನಿಂತಿತು.

'ಏಣಿ: 11.'

ಹೋದ ವಾರ ಸ್ಟೋರಿಗೆ ಬಂದದ್ದು ಒಂದೇ ಏಣಿ. ಅದನ್ನು ಸುತ್ತಿದ್ದ ರಟ್ಟು ಬಿಚ್ಚಿದ್ದೂ, ಮೂಗು ತುರಿಸಿದ್ದೂ, ಒಂದರ ಗುಂಡಿಯ ಮೇಲೆ ಬೆರಳಿಟ್ಟದ್ದೂ ಅವನಿಗೆ ಚೆನ್ನಾಗಿ ನೆನಪಿತ್ತು. ಮುಂದಿನದು ನೆನಪಿರಲಿಲ್ಲ, ಕಣ್ಣು ಮುಚ್ಚಿತ್ತು.

"ಸತ್ತೆ ಸಾರ್" ಎಂದ.

ಸ್ಟೋರ್‌ಕೀಪರು ಪಟ್ಟಿ ನೋಡಿದರು, ಮೂಲೆಗೆ ಒರಗಿದ್ದ ಒಂಟಿ ಏಣಿ ನೋಡಿದರು, ಸೀನಪ್ಪನ ಮುಖ ನೋಡಿದರು. "ಒಂದು ತಿದ್ದುಪಡಿ ಅರ್ಜಿ ಬರೆದುಬಿಟ್ರೆ..."

"ಬರೆದ್ರೆ ಎರಕದ ಶೆಡ್ಡು ಸಾರ್. ಅಲ್ಲಿ ನಾನು ಒಂದು ದಿನ ಬದುಕೋದಿಲ್ಲ. ಮನೇಲಿ ನಮ್ಮತ್ತೆ ಬೀದಿಗೆಲ್ಲ ನನ್ನ ಅಳಿಯ ಕಂಪ್ಯೂಟರ್ ಆಫೀಸರು ಅಂತ ಹೇಳ್ಕೊಂಡು ಬಂದಿದಾರೆ. ನಾಳೆ ಮೈಯೆಲ್ಲ ಮಸಿ ಬಳಕೊಂಡು ಹೋಗಿ ಹೆಂಗೆ ಮುಖ ತೋರಿಸ್ಲಿ?"

ಸ್ಟೋರ್‌ಕೀಪರು ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು ಯೋಚಿಸಿದರು. ಅವರ ಮುಖದಲ್ಲಿ ಉಪಾಯ ಹೊಳೆದಾಗ ಎಡಗಡೆಯ ಹುಬ್ಬು ಮೇಲೇರುತ್ತಿತ್ತು. ಈಗ ಏರಿತು.

"ಪಟ್ಟಿ ತಿದ್ದೋಕಾಗಲ್ಲ ಅಂದ್ರೆ ಸಾಮಾನು ತಿದ್ದು. ಹತ್ತು ಏಣಿ ತಂದು ಆ ಮೂಲೇಲಿ ಒರಗಿಸು. ಆಡಿಟರು ಎಣಿಸ್ತಾರೆ, ಗುರುತು ಹಾಕ್ತಾರೆ, ಟೀ ಕುಡಿದು ಹೋಗ್ತಾರೆ. ಆಮೇಲೆ ಯಾರ ಏಣಿ ಅವರಿಗೆ ವಾಪಸ್. ಬೀಸೋ ದೊಣ್ಣೆ ತಪ್ಪಿಸಿಕೊಂಡ್ರೆ ಸಾವಿರ ವರ್ಷ ಆಯಸ್ಸು."

"ಎಂಥ ಏಣಿ, ಎಷ್ಟುದ್ದ ಅಂತ ಕೇಳಿದ್ರೆ?"

"ನೀನು ಪಟ್ಟೀಲಿ ಏನು ಬರೆದಿದೀಯ? ಬರೀ ಏಣಿ ಅಂತ. ನಿನ್ನ ಸೋಮಾರಿತನ ಒಂದು ದಿನ ನಿನ್ನನ್ನ ಕಾಪಾಡುತ್ತೆ ಅಂತ ನನಗೆ ಗೊತ್ತಿತ್ತು."

ಮೊದಲ ಏಣಿಗಾಗಿ ಸೀನಪ್ಪ ಹೋದದ್ದು ಕ್ಯಾಂಟೀನಿಗೆ. ಅಲ್ಲಿನ ಅಕ್ಕ ಮೇಲಿನ ಕಪಾಟಿನಿಂದ ಸಕ್ಕರೆ ಡಬ್ಬ ಇಳಿಸಲು ನಾಲ್ಕೇ ಮೆಟ್ಟಿಲಿನ ಒಂದು ಮರದ ಏಣಿ ಇಟ್ಟುಕೊಂಡಿದ್ದಳು. ಕಾರ್ಖಾನೆಯಲ್ಲಿ ಯಾರ ಗುಟ್ಟಾದರೂ ಅಕ್ಕನ ಒಲೆಯ ಮುಂದೆ ಐದು ನಿಮಿಷದಲ್ಲಿ ಕುದಿದು ಮೇಲೆ ಬರುತ್ತಿತ್ತು. ಸೀನಪ್ಪ ಮೊದಲು ಸುಮ್ಮನೆ ಏಣಿ ಕೇಳಿದ. ಆಮೇಲೆ ಬಲ್ಬು ಹಾಕಬೇಕು ಎಂದ. ಆಮೇಲೆ ಎಲ್ಲವನ್ನೂ ಹೇಳಿದ.

"ಅಯ್ಯೋ ತಮ್ಮಾ, ಒಂದು ಸೀನಿಗೆ ಇಷ್ಟು ದೊಡ್ಡ ಶಿಕ್ಷೆಯಾ?" ಅಕ್ಕನ ಕಣ್ಣಲ್ಲಿ ನೀರೇ ಬಂತು. "ತಗೊಂಡ್ಹೋಗು. ನೀನೇನೂ ಯೋಚನೆ ಮಾಡಬೇಡ. ನಾನಿದೀನಿ."

ನಾನಿದೀನಿ ಎಂದು ಅವಳು ಹೇಳಿದ ಧಾಟಿಗೆ ಸೀನಪ್ಪ ಗಮನ ಕೊಡಬೇಕಿತ್ತು. ಕೊಡಲಿಲ್ಲ. ಏಣಿ ಹೆಗಲಿಗೇರಿಸಿ ಓಡಿದ.

ಗುತ್ತಿಗೆ ಕೆಲಸದ ಎಲೆಕ್ಟ್ರಿಷಿಯನ್ ಬಳಿ ಎರಡು ಸ್ವಂತ ಏಣಿ ಸಿಕ್ಕವು. ಒಂದು ಬಿದಿರಿನದು, ಇನ್ನೊಂದಕ್ಕೆ ನಡುವಿನ ಎರಡು ಮೆಟ್ಟಿಲೇ ಇರಲಿಲ್ಲ. "ಹಲ್ಲಿಲ್ಲದ ಮುದುಕನ ಹಾಗಿದೆ" ಎಂದ ಸೀನಪ್ಪ. "ಎಣಿಸೋಕೆ ತಾನೇ? ಹತ್ತೋಕಲ್ಲವಲ್ಲ" ಎಂದ ಎಲೆಕ್ಟ್ರಿಷಿಯನ್.

ಕಾರ್ಖಾನೆಯ ಗೇಟಿನ ಎದುರಿಗೆ ಹಲ್ಲಿನ ಡಾಕ್ಟರ ದವಾಖಾನೆ. ಅದರ ತಾರಸಿಯ ಮೇಲೆ ಬೋರ್ಡು ಬರೆಯುವ ಪೇಂಟರು ಆಳುದ್ದದ ಒಂದು ದವಡೆ ಹಲ್ಲು ಬಿಡಿಸುತ್ತಿದ್ದ. ಅವನು ಹತ್ತಿ ಹೋದ ಉದ್ದನೆಯ ಏಣಿ ಗೋಡೆಗೆ ಒರಗಿಕೊಂಡು ಸೀನಪ್ಪನನ್ನೇ ಕರೆಯುತ್ತಿದ್ದಂತಿತ್ತು.

"ಅಣ್ಣಾ, ನಿಮ್ಮ ಏಣಿ ಸ್ವಲ್ಪ ಹೊತ್ತು ಕೊಡ್ತೀರಾ?"

ಪೇಂಟರು ಕೆಳಗೆ ಇಣುಕಿದ. "ನಾಲ್ಕು ಗಂಟೆಗೆ ತಂದಿಡ್ತೀಯಾ?"

"ಅದಕ್ಕೆ ಮುಂಚೇನೇ ಇಡ್ತೀನಿ."

"ಹಾಗಾದ್ರೆ ತಗೊಂಡ್ಹೋಗು. ಈ ಹಲ್ಲಿಗೆ ಇನ್ನೂ ಮೂರು ಕೈ ಬಣ್ಣ ಬೇಕು. ನಾನಂತೂ ಅಲ್ಲಿವರೆಗೂ ಇಳಿಯೋನಲ್ಲ."

ಹೀಗೆ ಸ್ಟೋರಿನದೂ ಸೇರಿ ಐದಾಯಿತು. ಇನ್ನೂ ಆರು ಬೇಕು. ಗಂಟೆ ಹನ್ನೆರಡಾಗಿತ್ತು. ಸೀನಪ್ಪ ಮೂಲೆಯಲ್ಲಿ ನಿಂತು ಮನೆಗೆ ಫೋನು ಮಾಡಿದ. ಮನೆ ಹತ್ತು ನಿಮಿಷದ ದಾರಿ. ಹೆಂಡತಿ ಶಾಲೆಯ ಮಕ್ಕಳ ಅಂಗಿ ಹೊಲಿಯುತ್ತಿದ್ದವಳು ಮಷೀನು ನಿಲ್ಲಿಸದೆಯೇ ಫೋನು ಎತ್ತಿದಳು.

"ಅಟ್ಟಕ್ಕೆ ಹತ್ತೋ ಏಣಿ ಇದೆಯಲ್ಲ, ಅದು ಬೇಕಿತ್ತು ಕಣೇ. ಯಾರ ಕೈಲಾದ್ರೂ ಕಳಿಸು. ಅತ್ತೆಗೆ ಹೇಳಬೇಡ."

"ಏಣಿ ಯಾಕ್ರೀ ನಿಮಗೆ?"

ಮಷೀನಿನ ಸದ್ದು ನಿಂತಿತು. ಅದರ ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. "ಯಾರದು? ಅಳಿಯಂದ್ರಾ? ಏಣಿ ಅಂದ್ರಾ? ಯಾಕಂತೆ? ಎಷ್ಟು ಬೇಕಂತೆ?"

"ಎಷ್ಟು ಬೇಕು ಅಂತ ಅಮ್ಮ ಕೇಳ್ತಿದಾಳೆ."

ಸೀನಪ್ಪ ಹಣೆ ಒತ್ತಿಕೊಂಡ. "ಆರು" ಎಂದುಬಿಟ್ಟ.

ಒಂದೂವರೆಗೆ ಗೇಟಿನ ಕಡೆಯಿಂದ ಗದ್ದಲ ಕೇಳಿಸಿತು. ಸೀನಪ್ಪ ಹೊರಗೆ ಓಡಿ ಬಂದ. ಅತ್ತೆ ಮುಂದೆ ಬರುತ್ತಿದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೆಗಲ ಮೇಲೆ ತಮ್ಮ ಅಟ್ಟದ ಏಣಿ ಹೊತ್ತು. ಹಿಂದೆ ಇಡೀ ಬೀದಿ. ಗಡಿಯಾರ ರಿಪೇರಿಯವನೊಂದು ಏಣಿ, ಬಟ್ಟೆ ಅಂಗಡಿಯವರೊಂದು ಏಣಿ, ಎದುರುಮನೆಯವರೆರಡು ಏಣಿ, ಬೇಕರಿಯ ಅಣ್ಣ ತಮ್ಮಂದಿರು ತುದಿಗೊಬ್ಬರು ಹಿಡಿದ ಒಂದು ಏಣಿ, ಕೊನೆಯಲ್ಲಿ ನಿವೃತ್ತ ಡ್ರಿಲ್ ಮೇಷ್ಟ್ರು ಬಂದೂಕಿನ ಹಾಗೆ ನೆಟ್ಟಗೆ ಹಿಡಿದ ಒಂದು ಏಣಿ. ಯಾವುದೋ ಕೋಟೆಗೆ ಲಗ್ಗೆ ಇಡಲು ಹೊರಟ ದಂಡಿನಂತಿತ್ತು. ಕಾವಲುಗಾರ ಏನೂ ಕೇಳದೆ ಗೇಟು ತೆಗೆದು ಅತ್ತೆಗೆ ಸೆಲ್ಯೂಟನ್ನೂ ಹೊಡೆದ.

"ಆರು ಬೇಕು ಅಂದ್ರಿ, ಏಳು ತಂದಿದೀನಿ ಅಳಿಯಂದ್ರೆ" ಎಂದರು ಅತ್ತೆ, ಏದುಸಿರು ಬಿಡುತ್ತ. "ನಮ್ಮ ಅಳಿಯನ ಆಫೀಸಿಗೆ ಅರ್ಜೆಂಟು ಅಂದೆ. ಯಾರೂ ಇಲ್ಲ ಅನ್ನಲಿಲ್ಲ. ನಿಮ್ಮ ಮೇಲೆ ಬೀದಿಯವರಿಗೆ ಅಷ್ಟು ಗೌರವ."

ಆಮೇಲೆ ಅವರು ಸ್ಟೋರಿನ ಒಳಗೆ ಬಂದು ಅಳಿಯನ ಜಾಗ ನೋಡಿದರು. ಒಂದು ಮೋಟು ಮೇಜು, ಒಂದು ಕಾಲು ಕುಂಟುವ ಕುರ್ಚಿ, ಮಾಸಿದ ಕಂಪ್ಯೂಟರು, ಎದುರಿಗೆ ಮಾಲು ಕೊಡುವ ಪುಟ್ಟ ಕಿಟಕಿ. ಸೀನಪ್ಪ ತಲೆ ತಗ್ಗಿಸಿದ. ಹನ್ನೆರಡು ವರ್ಷದಿಂದ ಕಾಪಾಡಿಕೊಂಡು ಬಂದ ಆಫೀಸರಿಕೆ ಅಲ್ಲಿ ಬಟಾಬಯಲಾಗಿ ಬಿದ್ದಿತ್ತು.

ಅತ್ತೆ ಸೆರಗಿನಿಂದ ಆ ಕುರ್ಚಿಯ ಧೂಳು ಒರೆಸಿದರು. ಸೀನಪ್ಪ ಸೀನಿದ.

"ಎಲ್ಲರನ್ನೂ ಬಿಟ್ಟು ನಿಮ್ಮನ್ನೇ ಕಿಟಕಿ ಪಕ್ಕ ಕೂರಿಸಿದಾರೆ. ಗಾಳಿ ಬೆಳಕು ಚೆನ್ನಾಗಿದೆ" ಎಂದಷ್ಟೇ ಹೇಳಿ ಅವರು ತಮ್ಮ ಏಣಿಯ ಪಕ್ಕ ಒಂದು ಪೆಟ್ಟಿಗೆಯ ಮೇಲೆ ಕೂತರು. ಸೀನಪ್ಪನಿಗೆ ಅವರ ಕಾಲು ಮುಟ್ಟಬೇಕೆನಿಸಿತು. ಆದರೆ ಪುರುಸೊತ್ತಿರಲಿಲ್ಲ, ಏಣಿ ಒಂದು ಹೆಚ್ಚಾಗಿತ್ತು.

"ಹನ್ನೆರಡಾಯ್ತು" ಎಂದರು ಸ್ಟೋರ್‌ಕೀಪರು. "ಒಂದು ವಾಪಸ್ ಹೋಗಬೇಕು."

"ಯಾರದು?" ಎಂದರು ಡ್ರಿಲ್ ಮೇಷ್ಟ್ರು.

ಎಲ್ಲರೂ ತಮ್ಮ ತಮ್ಮ ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು.

"ಮೇಷ್ಟ್ರೇ, ನಿಮ್ಮದು ಸ್ವಲ್ಪ ಗಿಡ್ಡ ಅನ್ಸುತ್ತೆ..." ಎಂದು ಸೀನಪ್ಪ ಶುರುಮಾಡಿದ.

"ಗಿಡ್ಡವೇ? ಈ ಏಣಿ ಮೇಲೆ ಮೂವತ್ತು ವರ್ಷ ಶಾಲೆಯ ಬಾವುಟ ಕಟ್ಟಿದೀನಿ. ಬಿಸಿಲಲ್ಲಿ ಹೊತ್ತುಕೊಂಡು ಬಂದಿದೀನಿ. ಬೇಕರಿಯವರ ಏಣಿ ಇಟ್ಕೋತೀರಿ, ನನ್ನದು ಬೇಡ ಅಂತೀರಿ. ನಮ್ಮ ಏಣಿ ಏನಯ್ಯ ಕಮ್ಮಿಯಾಗಿರೋದು?"

"ನಮ್ಮ ಏಣಿಗೇನಾಗಿದೆ ಮೇಷ್ಟ್ರೇ?" ಎಂದು ಬೇಕರಿಯ ಅಣ್ಣ ಸಿಡಿದ. ತಮ್ಮನೂ ಸಿಡಿದ. ಬಟ್ಟೆ ಅಂಗಡಿಯವರು ನ್ಯಾಯ ಹೇಳಲು ಹೋಗಿ ಏಣಿಯನ್ನು ಅಡ್ಡಕ್ಕೆ ತಿರುಗಿಸಿದರು. ಅದರ ಹಿಂದಿನ ತುದಿ ಹೋಗಿ ರಬ್ಬರ್ ಕಾಲುಗಳ ಪೆಟ್ಟಿಗೆಗೆ ಬಡಿಯಿತು. ಎರಡು ಸಾವಿರ ರಬ್ಬರ್ ಕಾಲುಗಳು ನೆಲದ ತುಂಬ ಕುಣಿದಾಡಿದವು. ಬೀದಿಯವರೆಲ್ಲ ಮೊಣಕಾಲೂರಿ ಅವನ್ನು ಹೆಕ್ಕಿ ತುಂಬುವಷ್ಟರಲ್ಲಿ ಎರಡೂಮುಕ್ಕಾಲು.

ಸ್ಟೋರ್‌ಕೀಪರ ಹುಬ್ಬು ಮತ್ತೆ ಏರಿತು. ಕ್ಯಾಂಟೀನ್ ಅಕ್ಕನ ನಾಲ್ಕು ಮೆಟ್ಟಿಲಿನ ಏಣಿಯನ್ನು ಮೇಷ್ಟ್ರ ಏಣಿಯ ಮೇಲಿಟ್ಟು ಹಗ್ಗದಿಂದ ಬಿಗಿದು, "ಈಗ ಎರಡೂ ಸೇರಿ ಒಂದು. ಯಾರಿಗೂ ಬೇಜಾರಿಲ್ಲ" ಎಂದರು. ಮೇಷ್ಟ್ರು ಉದ್ದವಾದ ತಮ್ಮ ಏಣಿಯನ್ನು ನೋಡಿ ಸಮಾಧಾನಗೊಂಡರು. ಅತ್ತೆಯೊಬ್ಬರನ್ನು ಬಿಟ್ಟು ಉಳಿದವರನ್ನು ಕ್ಯಾಂಟೀನಿಗೆ ಸಾಗಹಾಕಲಾಯಿತು. ಅತ್ತೆ ಮಾತ್ರ ಕದಲಲಿಲ್ಲ. "ಇದು ನಮ್ಮ ಮನೆಯವರು ಕೈಯಾರೆ ಮಾಡಿದ ಏಣಿ. ಬಿಟ್ಟುಹೋಗೋದಿಲ್ಲ" ಎಂದರು.

ಸರಿಯಾಗಿ ಮೂರಕ್ಕೆ ಮ್ಯಾನೇಜರ ಜೊತೆ ಆಡಿಟರು ಬಂದರು. ಬಡಕಲು ದೇಹ, ದಪ್ಪ ಕನ್ನಡಕ, ಕಂಕುಳಲ್ಲಿ ಪಟ್ಟಿ. ನಗುವುದನ್ನೂ ಲೆಕ್ಕವಿಟ್ಟು ನಗುವವರಂತಿದ್ದರು. ಸ್ಕ್ರೂ ಎಣಿಸಿದರು, ಸರಿಯಿತ್ತು. ಸ್ಪ್ರಿಂಗು ಎಣಿಸಿದರು, ಸರಿಯಿತ್ತು. ರಬ್ಬರ್ ಕಾಲಿನಲ್ಲಿ ಒಂದು ಕಮ್ಮಿ ಬಂತು. ಅತ್ತೆ ತಾವು ಕೂತಿದ್ದ ಪೆಟ್ಟಿಗೆಯ ಕೆಳಗೆ ಕೈಹಾಕಿ ತೆಗೆದುಕೊಟ್ಟರು.

"ಇವರು ಯಾರು?"

"ನಮ್ಮ... ಹಿರಿಯರು ಸಾರ್" ಎಂದ ಸೀನಪ್ಪ.

ಏಳನೆಯ ಹಾಳೆ ಬಂತು. ಆಡಿಟರು ಪಟ್ಟಿ ನೋಡಿ ತಲೆಯೆತ್ತಿದರು. ಗೋಡೆಯುದ್ದಕ್ಕೂ ಏಣಿಯ ಕಾಡೇ ನಿಂತಿತ್ತು. ಉದ್ದದ್ದು, ಗಿಡ್ಡದ್ದು, ಬಿದಿರಿನದು, ಬಣ್ಣ ಮೆತ್ತಿದ್ದು, ಹಲ್ಲು ಉದುರಿದ್ದು. ಆಡಿಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಏಣಿ ಎಷ್ಟಿದೆ?"

"ಹನ್ನೊಂದು ಸಾರ್!" ಸೀನಪ್ಪ ಎದೆಯುಬ್ಬಿಸಿ ಹೇಳಿದ. "ಎಣಿಸಿ ನೋಡಬಹುದು. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ."

"ಪಟ್ಟೀಲಿ ಒಂದು ಅಂತಿದೆಯಲ್ಲ."

ಸೀನಪ್ಪನಿಗೆ ಕಿವಿ ಸರಿಯಾಗಿ ಕೇಳಿಸಲಿಲ್ಲ ಎನಿಸಿತು. ಮುಂದೆ ಬಾಗಿ ಪಟ್ಟಿ ನೋಡಿದ. 'ಏಣಿ: 1.' ಅಚ್ಚುಕಟ್ಟಾಗಿ, ಒಂಟಿಯಾಗಿ, ಬೇಲಿಗೂಟದ ಹಾಗೆ ನಿಂತಿತ್ತು ಆ ಒಂದು.

ಮ್ಯಾನೇಜರ ಮುಖ ನೋಡಿದ. ಮ್ಯಾನೇಜರು ಏಣಿಗಳನ್ನೇ ನೋಡುತ್ತ ಬಾಯಿ ತೆರೆದು ನಿಂತಿದ್ದರು. ಅಷ್ಟರಲ್ಲಿ ಟೀ ತಟ್ಟೆ ಹಿಡಿದು ಕ್ಯಾಂಟೀನ್ ಅಕ್ಕ ಬಂದವಳು, ಸೀನಪ್ಪನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು.

"ನಾನೇ ಬೆಳಿಗ್ಗೆ ಮ್ಯಾನೇಜರಿಗೆ ಹೇಳಿದ್ದು ತಮ್ಮಾ. ಪಾಪ, ಒಂದು ಸೀನು ಸಾರ್, ಹೊಟ್ಟೆಗೆ ಹಾಕ್ಕೊಳ್ಳಿ ಅಂತ ಅತ್ತುಕೊಂಡೇ ಕೇಳಿದೆ. ಅವರು ಕರಗಿಹೋದ್ರು. ಆಗಲೇ ಕೂತು ತಾವೇ ತಿದ್ದಿ ಹೊಸ ಪಟ್ಟಿ ತೆಗೆಸಿದ್ರು. ಅರ್ಜೀನೂ ಬೇಡ ಅಂದ್ರು. ಅವನಿಗೆ ಮಾತ್ರ ಹೇಳಬೇಡ, ಸಂಜೆ ತನಕ ಸ್ವಲ್ಪ ಬೆವರಲಿ ಅಂತ ಆಣೆ ಹಾಕಿಸಿಕೊಂಡ್ರು."

"ಹಾಗಿದ್ರೆ ನಂಗೆ ಏಣಿ ಯಾಕೆ ಕೊಟ್ಟಕ್ಕಾ?" ಸೀನಪ್ಪನ ದನಿ ಕೀರಲಾಯಿತು.

"ಕೊಟ್ಟಾಗ ಇನ್ನೂ ಹೇಳಿರಲಿಲ್ಲ. ಹೇಳಿದ ಮೇಲೆ ವಾಪಸ್ ಕೇಳೋಕೆ ಮನಸ್ಸಾಗಲಿಲ್ಲ. ಎರಡೂ ಕಡೆಯಿಂದ ಇರಲಿ ಅಂತ ಸುಮ್ಮನಾದೆ."

ಆಡಿಟರು ಏಣಿ ಎಣಿಸುತ್ತಿದ್ದರು. ಕಟ್ಟಿದ್ದ ಜೋಡಿಯ ಮುಂದೆ ನಿಂತು, ಹಗ್ಗ ಎಳೆದು ನೋಡಿ, "ಇದು ಒಂದೋ ಎರಡೋ?" ಎಂದರು. ಹಗ್ಗ ಬಿಚ್ಚಿಕೊಂಡು ಅದೇ ಉತ್ತರ ಹೇಳಿತು.

"ಒಟ್ಟು ಹನ್ನೆರಡು. ಹೆಚ್ಚುವರಿ ಹನ್ನೊಂದು." ಆಡಿಟರು ಪೆಟ್ಟಿಗೆಯೊಂದರ ಮೇಲೆ ಕುಸಿದು ಕೂತರು. "ಇಪ್ಪತ್ತೆರಡು ವರ್ಷದಿಂದ ಎಣಿಸ್ತಿದೀನಿ. ಎಲ್ಲ ಕಡೆ ಕಮ್ಮಿ ಬರುತ್ತೆ. ಕಮ್ಮಿ ಬಂದ್ರೆ ಕಳುವಾಗಿದೆ ಅಂತ ಬರೀಬಹುದು, ಅದಕ್ಕೆ ಕಾಲಂ ಇದೆ. ಜಾಸ್ತಿ ಬಂದ್ರೆ ಏನಂತ ಬರೀಲಿ? ಯಾರೋ ತಂದಿಟ್ಟು ಹೋದ್ರು ಅಂತ ಬರೀಲಾ?"

ಅವರು ನಿಜಕ್ಕೂ ಸಂಕಟಪಡುತ್ತಿದ್ದರು. ಸೀನಪ್ಪನಿಗೆ ಪಾಪ ಎನಿಸಿ ಎಲ್ಲವನ್ನೂ ಒಪ್ಪಿಕೊಂಡ. ಸೀನಿನಿಂದ ಹಿಡಿದು ಹಲ್ಲಿನವರೆಗೆ ಒಂದನ್ನೂ ಬಿಡದೆ ಹೇಳಿದ. ಕೇಳುತ್ತ ಕೇಳುತ್ತ ಮ್ಯಾನೇಜರ ಮುಖ ಕೆಂಪಾಯಿತು. ಅದು ಸಿಟ್ಟೋ ನಗೆಯೋ ತಿಳಿಯಲಿಲ್ಲ. ಅವರು ಗೋಡೆಯ ಕಡೆ ತಿರುಗಿ ಕರವಸ್ತ್ರ ಬಾಯಿಗೆ ಒತ್ತಿಕೊಂಡರು.

"ಹಾಗಾದ್ರೆ ಈ ಏಣಿಗಳೆಲ್ಲ ಇವರಿವರದು?" ಎಂದರು ಆಡಿಟರು. "ರಸೀದಿ ಇದೆಯಾ?"

"ರಸೀದಿಯಂತೆ!" ಅತ್ತೆ ಎದ್ದು ನಿಂತರು. "ನನ್ನ ಗಂಡ ಮಾಡಿದ ಏಣಿಗೆ ರಸೀದಿ ಯಾರಪ್ಪ ಕೊಡ್ತಾರೆ? ಇದರ ಮೂರನೇ ಮೆಟ್ಟಿಲು ಕಿರುಗುಟ್ಟುತ್ತೆ, ಐದನೇದು ಸುಮ್ಮನಿರುತ್ತೆ. ಬೇಕಾದ್ರೆ ಹತ್ತಿ ನೋಡಿ."

ಆಡಿಟರು ನಿಯಮ ಪಾಲಿಸುವವರು. ಹತ್ತಿ ನೋಡಿದರು. ಮೂರನೆಯದು ಕಿರುಗುಟ್ಟಿತು, ಐದನೆಯದು ಸುಮ್ಮನಿತ್ತು. ಇಳಿದು ಬಂದು ತುಂಬ ಮೆತ್ತಗೆ ಹೇಳಿದರು: "ಅಮ್ಮಾ, ನಾನು ನಂಬ್ತೀನಿ. ಆದ್ರೆ ನಿಯಮ ನಂಬಲ್ಲ. ಎಣಿಕೆ ದಿನ ಸ್ಟೋರಿನೊಳಗೆ ಏನು ಸಿಗುತ್ತೋ ಅದು ಕಾರ್ಖಾನೆಯದು. ಹೆಡ್ಡಾಫೀಸು ಬೇರೆ ಏನಾದ್ರೂ ಹೇಳೋ ತನಕ ಅಲ್ಲಾಡಿಸುವಂತಿಲ್ಲ."

ಹೇಳಿ, ಚೀಲದಿಂದ ಕೆಂಪು ಚೀಟಿಗಳನ್ನು ತೆಗೆದು ಹನ್ನೊಂದೂ ಏಣಿಗೆ ಅಂಟಿಸಿದರು. 'ತಪಾಸಣೆಯಲ್ಲಿದೆ. ಮುಟ್ಟಬಾರದು.'

ಆಗಲೇ ಹೊರಗಿನಿಂದ ಒಂದು ಕೂಗು ಬಂತು.

"ಏಣೀ...!"

ಎಲ್ಲರೂ ಕಿವಿ ನಿಮಿರಿಸಿದರು. "ಏಣೀ...! ಸೀನಪ್ಪಾ... ನಾಲ್ಕು ಗಂಟೆ ಆಯ್ತೋ...!"

ಗೇಟಿನವರೆಗೆ ಎಲ್ಲರೂ ಓಡಿದರು. ಎದುರಿನ ತಾರಸಿಯ ಅಂಚಿನಲ್ಲಿ, ಬೆಳ್ಳಗೆ ಹೊಳೆಯುವ ಆಳುದ್ದದ ಹಲ್ಲಿನ ಪಕ್ಕದಲ್ಲಿ, ಪೇಂಟರು ಕಾಲು ಬದಲಿಸುತ್ತ ನಿಂತಿದ್ದ. ಕೆಳಗೆ ಹಲ್ಲುನೋವಿನ ರೋಗಿಗಳು ದವಡೆ ಹಿಡಿದುಕೊಂಡು ಮೇಲೆ ನೋಡುತ್ತಿದ್ದರು.

"ಯಾರದಾದ್ರೂ ಏಣಿ ತಂದು ಇಳಿಸ್ರಯ್ಯ" ಎಂದರು ಮ್ಯಾನೇಜರು.

"ಸಾರ್," ಎಂದ ಕಾವಲುಗಾರ, "ಈ ಬೀದಿ, ಆ ಬೀದಿ, ಎಲ್ಲೂ ಏಣಿ ಇಲ್ಲ. ಇದ್ದಬದ್ದವೆಲ್ಲ ನಮ್ಮ ಸ್ಟೋರಿನಲ್ಲೇ ಇವೆ."

"ನಮ್ಮದೊಂದು ಇತ್ತಲ್ಲ, ಅಸಲಿದು?"

"ಅದು ಎಂಟೇ ಅಡಿ ಸಾರ್. ಅಲ್ಲಿವರೆಗೂ ಎಟುಕಲ್ಲ" ಎಂದರು ಸ್ಟೋರ್‌ಕೀಪರು. ಎಲ್ಲರೂ ಆಡಿಟರ ಮುಖ ನೋಡಿದರು. ಆಡಿಟರು ಪೇಂಟರ ಮುಖ ನೋಡಿದರು. ಪೇಂಟರು ಆಕಾಶ ನೋಡಿದ.

"ಸಾರ್, ನಾನು ಟೀ ಕುಡಿದು ಆರು ಗಂಟೆ ಆಯ್ತು" ಎಂದು ಮೇಲಿನಿಂದ ಕೂಗಿದ. "ಆಮೇಲೆ ಇನ್ನೊಂದು ಅವಸರವೂ ಇದೆ. ಹೆಂಗಸರಿದಾರೆ, ಹೇಳೋಕಾಗ್ತಿಲ್ಲ."

ನಿಯಮದ ಮನುಷ್ಯನಿಗೂ ಕರುಳಿರುತ್ತದೆ. ಆಡಿಟರು ಐದು ನಿಮಿಷ ಗೇಟಿನ ಮುಂದೆ ಆಚೀಚೆ ನಡೆದರು. ಕೊನೆಗೆ ನಿಂತು, "ರಿಪೇರಿಗೆ ಅಂತ ಹೊರಗೆ ಹೋಗೋ ಸಾಮಾನಿಗೆ ಒಂದು ಚೀಟಿ ಕೊಡ್ತೀರಲ್ಲ, ಹೋಗಿ ವಾಪಸ್ ಬರಬೇಕಾದದ್ದಕ್ಕೆ?" ಎಂದರು.

"ಹೌದು ಸಾರ್, ಹಳದಿ ಚೀಟಿ" ಎಂದ ಸೀನಪ್ಪ.

"ಅದನ್ನ ಬರೀರಿ. ಏಣಿ ಹೊರಗೆ ಹೋಗಬಹುದು. ಆದ್ರೆ ದಿನಾ ಬೆಳಿಗ್ಗೆ ಏಳು ಗಂಟೆಗೆ ಇಲ್ಲಿಗೆ ತಂದು ತೋರಿಸಬೇಕು. ನೀವು ಎಂಟ್ರಿ ಮಾಡ್ಕೊಂಡು ಹೊಸ ಚೀಟಿ ಕೊಡಬೇಕು. ಹೆಡ್ಡಾಫೀಸಿನಿಂದ ಉತ್ತರ ಬರೋ ತನಕ."

"ಉತ್ತರ ಯಾವಾಗ ಬರುತ್ತೆ ಸಾರ್?"

"ಹೋದ ಸಲ ಒಂದು ಬಕೆಟ್ಟಿನ ವಿಷಯ ಬರೆದಿದ್ದೆ" ಎಂದರು ಆಡಿಟರು ಯೋಚಿಸುತ್ತ. "ಅದಕ್ಕೆ ನಾಲ್ಕು ವರ್ಷ ಹಿಡೀತು."

ಪೇಂಟರು ಇಳಿದ. ಇಳಿದವನು ಯಾರ ಜೊತೆಗೂ ಮಾತಾಡದೆ ದವಾಖಾನೆಯ ಹಿಂದಕ್ಕೆ ಓಡಿದ. ಅವನಿಗೆ ಕೊಟ್ಟ ಮೇಲೆ ನಮಗೂ ಕೊಡಿ ಎಂದು ಕ್ಯಾಂಟೀನಿನಲ್ಲಿದ್ದ ಬೀದಿಯವರೆಲ್ಲ ಕಿಟಕಿಗೆ ಮುತ್ತಿದರು. ಸೀನಪ್ಪ ಕುಂಟುವ ಕುರ್ಚಿಯ ಮೇಲೆ ಕೂತು ಒಂದಾದ ಮೇಲೊಂದು ಹಳದಿ ಚೀಟಿ ಬರೆದ. ಯಾರ ಏಣಿ, ಎಷ್ಟು ಮೆಟ್ಟಿಲು, ಎಷ್ಟು ಮೆಟ್ಟಿಲು ಇಲ್ಲ, ಎಲ್ಲ ವಿವರ.

ಕೊನೆಯ ಚೀಟಿ ಹರಿದು ಕೊಟ್ಟಾಗ ಮ್ಯಾನೇಜರು ಹಿಂದೆ ಬಂದು ನಿಂತಿದ್ದರು.

"ಸಾರ್... ನಾಳೆಯಿಂದ ಎರಕದ ಶೆಡ್ಡಿಗೆ ಹೋಗಲಾ?"

"ಎರಕದ ಶೆಡ್ಡಾ? ನಿನ್ನನ್ನ ಅಲ್ಲಿಗೆ ಕಳಿಸಿದ್ರೆ ಈ ಏಣಿಗಳ ಸಂಸಾರ ಯಾರಯ್ಯ ಮಾಡ್ತಾರೆ? ಎಲ್ಲೂ ಹೋಗಬೇಡ. ಇಲ್ಲೇ ಇರು. ದಿನಾ ಒಂದು ಗಂಟೆ ಮುಂಚೆ ಬಾ, ಅಷ್ಟೇ." ಎರಡು ಹೆಜ್ಜೆ ಹೋದವರು ತಿರುಗಿ, "ಬೆಳಿಗ್ಗೆ ನೇರವಾಗಿ ನನ್ನ ಹತ್ರ ಬಂದಿದ್ರೆ ಒಂದು ಬೈಗುಳದಲ್ಲಿ ಮುಗೀತಿತ್ತು ಕಣೋ" ಎಂದರು. ಅದನ್ನು ಅವರು ಬೈಯುವ ದನಿಯಲ್ಲಿ ಹೇಳಲಿಲ್ಲ.

ಸಂಜೆ ಸೀನಪ್ಪ ಏಣಿಯ ಒಂದು ತುದಿ ಹಿಡಿದ, ಅತ್ತೆ ಇನ್ನೊಂದು ತುದಿ ಹಿಡಿದರು. ದಾರಿಯುದ್ದಕ್ಕೂ ಅತ್ತೆ ಎದುರು ಬಂದವರಿಗೆಲ್ಲ ಹಳದಿ ಚೀಟಿ ತೋರಿಸಿದರು. "ನಮ್ಮ ಅಳಿಯಂದ್ರ ಸಹಿ" ಎಂದರು. "ಇವರ ಸಹಿ ಇಲ್ಲದೆ ಒಂದು ಏಣೀನೂ ಗೇಟು ದಾಟಲ್ಲ."

ಮರುದಿನ ಏಳಕ್ಕೆ ಇನ್ನೂ ಹತ್ತು ನಿಮಿಷವಿರುವಾಗ ಸೀನಪ್ಪ ಕಿಟಕಿ ತೆರೆದ. ಸಾಲು ಆಗಲೇ ನಿಂತಿತ್ತು. ತನಗಿಂತ ಮುಂಚೆ ಮನೆ ಬಿಟ್ಟಿದ್ದ ಅತ್ತೆಯೇ ಎಲ್ಲರಿಗಿಂತ ಮುಂದೆ. ಅವರ ಹಿಂದೆ ಪೇಂಟರು, ಬೇಕರಿಯ ಅಣ್ಣ ತಮ್ಮಂದಿರು, ಮೇಷ್ಟ್ರು. ಸೀನಪ್ಪ ಪೆನ್ನಿನ ತುದಿಯಿಂದ ಏಣಿ ಎಣಿಸುತ್ತ ಹೋದ. ಒಂಬತ್ತು, ಹತ್ತು, ಹನ್ನೊಂದು. ಸಾಲು ಮುಗಿಯಲಿಲ್ಲ. ಹನ್ನೆರಡು, ಹದಿಮೂರು, ಹದಿನಾಲ್ಕು.

"ಅತ್ತೆ, ಹಿಂದೆ ನಿಂತಿರೋ ಆ ಮೂವರು ಯಾರು?"

ಅತ್ತೆ ಕಿಟಕಿಯೊಳಗೆ ತಲೆ ಹಾಕಿ ದನಿ ತಗ್ಗಿಸಿದರು.

"ಪಕ್ಕದ ಬೀದಿಯವರು ಅಳಿಯಂದ್ರೆ. ನಿಮ್ಮ ಬೀದಿ ಏಣಿಗೆಲ್ಲ ಕಾರ್ಖಾನೆ ಚೀಟಿ ಸಿಕ್ಕಿದೆ, ನಮ್ಮದನ್ನ ಯಾಕೆ ಬಿಟ್ರಿ ಅಂತ ರಾತ್ರಿಯೆಲ್ಲ ಮುಖ ಊದಿಸ್ಕೊಂಡಿದ್ರು. ನಾನಿದೀನಲ್ಲ, ನಮ್ಮ ಅಳಿಯನಿಗೆ ಒಂದು ಮಾತು ಹೇಳ್ತೀನಿ, ಬನ್ನಿ ಅಂತ ಕರಕೊಂಡು ಬಂದೆ. ಬರ್ಕೊಂಡ್ಬಿಡಿ."